ಜರ್ಮನಿಯವ ಮಾಡಿದ ಗಿಟಾರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಒಂದು ಕಾಲಕ್ಕೆ ಯಾರ ಮನೆಯ ಮದುವೆಯಾದರೂ ಹೆಣ್ಣು ಒಪ್ಪಿಸುವ ಹೊತ್ತಿನ ಅಳು ಊರಿಗೆಲ್ಲ ಕೇಳಿಸುತ್ತಿದ್ದುದು ನನ್ನ ಮೈಕಿನಿಂದ. ಹೆಣ್ಣಿನ ತಾಯಿಯ ದನಿ ಸಣ್ಣದಾದರೆ ನಾನು ಸ್ವಲ್ಪ ಏರಿಸಿ ಕೊಡುತ್ತಿದ್ದೆ. ಬೀಗರ ಎದುರು ಕಡಿಮೆ ಬೀಳಬಾರದು ನೋಡಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಮುಂದೆ ಬರುತ್ತದೆ.

ನನ್ನ ಮೈಕ್‌ಸೆಟ್ಟಿನ ಅಂಗಡಿ ಇದ್ದದ್ದು ಶಿರಸಿಯಲ್ಲಿ. ಅಂಗಡಿಯ ಹಿಂದಿನ ಓಣಿಯಲ್ಲಿ ಒಬ್ಬ ಗುಡಿಗಾರನ ಮನೆ. ಚೌತಿಯ ಗಣಪತಿ, ಮದುವೆಯ ಬಾಸಿಂಗ, ದೇವರ ಮಂಟಪ, ಯಕ್ಷಗಾನದ ಕಿರೀಟ, ಹೀಗೆ ಮರವೋ ಮಣ್ಣೋ ಬೆಂಡೋ, ಕೆತ್ತಿ ಬಣ್ಣ ಹಚ್ಚುವುದು ಅವರ ಮನೆತನದ ಕೆಲಸ. ಇವನು ನನ್ನ ಜೊತೆಗೆ ಶಾಲೆ ಸೇರಿದವ, ನನ್ನ ಜೊತೆಗೇ ಶಾಲೆ ಬಿಟ್ಟವ. ನನ್ನ ಕೀಟಲೆಗೆ ಬೈಯದವರು ಊರಿನಲ್ಲಿ ಯಾರೂ ಇರಲಿಲ್ಲ. ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕೂತು, ನನ್ನ ಸುಳ್ಳಿನ ಮೇಲೆ ಅದಕ್ಕಿಂತ ದೊಡ್ಡದೊಂದನ್ನು ಇಡುತ್ತಿದ್ದವನು ಮಾತ್ರ ಅವನೊಬ್ಬನೇ.

ಅವನು ಮಾಡಿದ ಒಂದು ಎಲೆಕ್ಟ್ರಿಕ್ ಗಿಟಾರಿನ ಕತೆ ಇದು. ಅದರ ತಲೆಯ ಮೇಲೆ ಎರಡು ಕಣ್ಣುಗಳಿವೆ. ಅದನ್ನು ಕಂಡವರಲ್ಲಿ ಹೆಚ್ಚಿನವರು ಅದನ್ನು ಜರ್ಮನಿಯವನೊಬ್ಬ ಮಾಡಿದ್ದೆಂದು ಇಂದಿಗೂ ನಂಬಿದ್ದಾರೆ. ಆ ಜರ್ಮನಿಯವನನ್ನು ಹುಟ್ಟಿಸಿದವನು ನಾನು. ಈಗ ಬಂತು ನೋಡಿ ಜಂಬ.

ನಾವಿಬ್ಬರೂ ಇನ್ನೂ ಮೀಸೆ ತಿರುವುವ ವಯಸ್ಸಿನಲ್ಲಿದ್ದಾಗ ಯಲ್ಲಾಪುರದಿಂದ ನಮಗಿಂತ ಚಿಕ್ಕವನೊಬ್ಬ ಬಂದ. ಅಲ್ಲಿಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾರ್ಮೋನಿಯಂ ಬಾರಿಸುತ್ತಿದ್ದವ. ಆರ್ಕೆಸ್ಟ್ರಾ ಕಟ್ಟುವ ಹುಚ್ಚು ಹಿಡಿದಿತ್ತು. ಅವನ ಕೈಯಲ್ಲಿ ಯಾವುದೋ ಪತ್ರಿಕೆಯಿಂದ ಹರಿದ ಒಂದು ಚಿತ್ರ, ಚಿತ್ರದಲ್ಲಿ ಒಬ್ಬ ಕೂದಲು ಬಿಟ್ಟವ, ಅವನ ಹೊಟ್ಟೆಯ ಮೇಲೆ ಒಂದು ಗಿಟಾರು. "ಮುಂಬಯಿಗೆ ಹೋದ್ರೆ ಸಿಗ್ತದಂತೆ ಅಣ್ಣಾ. ನನಗೆ ಮುಂಬಯಿಯೂ ಎಟುಕೂದಿಲ್ಲ, ಗಿಟಾರೂ ಎಟುಕೂದಿಲ್ಲ" ಎಂದ. ನಾನು ಅವನನ್ನು ಸೀದಾ ಹಿಂದಿನ ಓಣಿಗೆ ಕರೆದುಕೊಂಡು ಹೋದೆ.

ಗುಡಿಗಾರ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಮೈಗೆ ಹಲಸು, ಕುತ್ತಿಗೆಗೆ ಬೀಟೆ ಎಂದು ಅಲ್ಲೇ ತೀರ್ಮಾನವಾಯಿತು. ತಂತಿಯ ಕೆಳಗಿನ ಮೆಟ್ಟುಗಳಿಗೆ ಹಳೆಯ ಕೊಡೆಯ ಕಡ್ಡಿಗಳು. ಯಾವ ಮೆಟ್ಟು ಎಲ್ಲಿ ಬರಬೇಕೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಲ್ಲಾಪುರದವ ಹಾರ್ಮೋನಿಯಂ ತಂದು ಜಗಲಿಯಲ್ಲಿಟ್ಟ. ಅವನು ಒಂದು ಮನೆ ಒತ್ತಿ ಹಿಡಿಯುವುದು, ಗುಡಿಗಾರ ಕಡ್ಡಿಯನ್ನು ಆಚೆ ಈಚೆ ಸರಿಸಿ ಸ್ವರ ಕೂಡಿದಲ್ಲಿ ಗುರುತು ಹಾಕುವುದು. ಮೇಲಿನ ಕೊನೆಯ ಕೆಲವು ಮೆಟ್ಟುಗಳು ಊಟದ ಹೊತ್ತಿಗೆ ಅವಸರದಲ್ಲಿ ಕೂತವು. ಅವುಗಳ ಸ್ವರ ಇವತ್ತಿಗೂ ಸ್ವಲ್ಪ ಹುಳಿ.

ಕರೆಂಟಿನ ಭಾಗ, ಅಂದರೆ ತಂತಿಯ ಅದುರನ್ನು ಹಿಡಿದು ಸ್ಪೀಕರಿಗೆ ಕೊಡುವ ಸುರುಳಿ, ನನ್ನದು. ಒಡೆದ ಸ್ಪೀಕರಿನ ಅಯಸ್ಕಾಂತ, ಸತ್ತ ರೇಡಿಯೋಗಳಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿ. ಅದನ್ನು ಹೆಂಡತಿಯ ಹೊಲಿಗೆ ಮಿಷನ್ನಿಗೆ ಕಟ್ಟಿ ಸುತ್ತಿದೆ. ಎಷ್ಟು ಸುತ್ತು ಎಂದು ಕೇಳಬೇಡಿ, ನಡುವೆ ಯಾರೋ ಮಾತಾಡಿಸಿ ಲೆಕ್ಕ ತಪ್ಪಿತ್ತು. ಆದರೂ ಮೊದಲನೇ ಸಲಕ್ಕೇ ಮಾತಾಡಿತು. ಮಾತಾಡಿತು ಎಂದರೆ ನಿಜವಾಗಿಯೇ. ಕೆಲವು ಊರುಗಳಲ್ಲಿ ಅದು ಹಾಡಿನ ನಡುವೆ ರೇಡಿಯೋದ ಕೃಷಿ ವಾರ್ತೆಯನ್ನೂ ಹಿಡಿಯುತ್ತಿತ್ತು. ಅದು ದೋಷವಲ್ಲ, ಹೆಚ್ಚುವರಿ ಸೌಕರ್ಯ ಎಂದು ನಾನು ಹೇಳುತ್ತಿದ್ದೆ.

ಇನ್ನು ಕಣ್ಣು. ಗಿಟಾರುಗಳ ಕುತ್ತಿಗೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿಗಳಿರುತ್ತವೆ. ಬಾರಿಸುವವನಿಗೆ ಮೆಟ್ಟು ಗುರುತಿಸಲಿಕ್ಕೆ. ಎಲ್ಲ ಕಡೆ ಒಂದೊಂದು, ಒಂದು ಕಡೆ ಮಾತ್ರ ಜೋಡಿ. ಚಿತ್ರದಲ್ಲಿ ಈ ಜೋಡಿಯನ್ನು ನೋಡಿದ ಗುಡಿಗಾರ ಅವು ಕಣ್ಣುಗಳೆಂದು ತಿಳಿದ. ಮತ್ತೇನು ತಿಳಿಯಬೇಕು? ಅವನ ಅಜ್ಜ ಮುತ್ತಜ್ಜಂದಿರು ಎರಡು ಚುಕ್ಕಿ ಜೊತೆಯಾಗಿ ಇಟ್ಟದ್ದೆಲ್ಲ ಕಣ್ಣೇ.

"ಪರದೇಶದವ್ರಿಗೆ ಬುದ್ಧಿ ಇಲ್ಲ ಮಾರಾಯಾ. ಕಣ್ಣನ್ನ ಕುತ್ತಿಗೆಲಿ ಇಟ್ಟಿದ್ದಾರೆ. ಇದಕ್ಕೆ ಕಾಣೂದಾದ್ರೂ ಹ್ಯಾಂಗೆ?" ಎಂದವನೇ ಅವುಗಳನ್ನು ಮೇಲೆ ತಲೆಗೆ ತಂದ. ಕುಮಟೆಯ ಕಡೆಯಿಂದ ತರಿಸಿದ ಕಡಲ ಚಿಪ್ಪನ್ನು ಕೊರೆದು ಕೂರಿಸಿ, ನಡುವೆ ಕಪ್ಪು ಗುಡ್ಡೆ ಬರೆದ. ಅದನ್ನೂ ಗಣಪತಿಗೆ ಮಾಡುವ ಹಾಗೆಯೇ, ಎಲ್ಲ ಕೆಲಸ ಮುಗಿದ ಮೇಲೆ, ಎದುರಿಗೆ ಕನ್ನಡಿ ಹಿಡಿಸಿ. ಹೊಸ ಕಣ್ಣು ಮೊದಲು ತನ್ನನ್ನೇ ತಾನು ನೋಡಿಕೊಳ್ಳಬೇಕು, ಮನುಷ್ಯರನ್ನಲ್ಲ ಎಂಬುದು ಅವರ ಪದ್ಧತಿ. ಆಮೇಲೆ ಯಲ್ಲಾಪುರದವನಿಂದ ಎಲೆ ಅಡಿಕೆಯ ವೀಳ್ಯ ತೆಗೆದುಕೊಂಡು ಗಿಟಾರು ಕೊಟ್ಟ. ಕಣ್ಣಿಟ್ಟು ವೀಳ್ಯ ತೆಗೆದುಕೊಂಡ ಮೇಲೆ ಆ ಮನೆಯವರು ಮಾಡಿದ ವಸ್ತುವಿಗೆ ಮತ್ತೆ ಉಳಿ ತಾಗಿಸುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ತಲೆ ತಿಂದದ್ದು ಇದೇ.

ಜರ್ಮನಿಯವ ಹುಟ್ಟಿದ್ದು ಸಿದ್ದಾಪುರದ ಒಂದು ಮದುವೆಯಲ್ಲಿ. ಹೆಣ್ಣಿನ ಕಡೆಯ ಯಜಮಾನರು ಗಿಟಾರನ್ನು ನೋಡಿ, "ಎಲ್ಲಿದು?" ಎಂದು ಕೇಳಿದರು. ಯಲ್ಲಾಪುರದವ ಪ್ರಾಮಾಣಿಕ, ಶಿರಸಿಯದು ಎಂದುಬಿಟ್ಟ. "ಶಿರಸಿದಾ? ಹಂಗಾರೆ ಬಾಗಿಲ ದಾರಂದಕ್ಕೆ ತಂದು ಮಿಕ್ಕಿದ ಮರದಲ್ಲಿ ಮಾಡಿದ್ದು" ಎಂದು ಯಜಮಾನರು ನಕ್ಕರು. ಸುತ್ತಲಿನವರೂ ನಕ್ಕರು. ಮೈಕು ನನ್ನ ಕೈಯಲ್ಲಿತ್ತು. ಆನ್ ಮಾಡಿ, ಇದು ಜರ್ಮನಿಯ ಒಬ್ಬ ಮಹಾ ಕುಶಲಕರ್ಮಿಯ ಕೈಯಲ್ಲಿ ಆದದ್ದೆಂದೂ, ಯುದ್ಧದಲ್ಲಿ ಅವನ ಒಂದು ಕಣ್ಣು ಹೋದದ್ದರಿಂದ ತಾನು ಮಾಡಿದ ಪ್ರತಿ ಗಿಟಾರಿಗೂ ಎರಡೆರಡು ಕಣ್ಣಿಡುತ್ತಿದ್ದನೆಂದೂ ಸಾರಿದೆ. ನಕ್ಕವರೆಲ್ಲ ಕುತ್ತಿಗೆ ಉದ್ದ ಮಾಡಿದರು. ಅದೇ ಯಜಮಾನರು ಎದ್ದು ಬಂದು ಗಿಟಾರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮಾಡಿದವನಿಗೆ ಸಿಟ್ಟು ಬರಲಿಲ್ಲವೇ ಎಂದು ನೀವು ಕೇಳಬಹುದು. ಅವನಿಗೂ ಅದು ಬೇಕಾಗಿತ್ತು. ದೇವರಿಗೆ ಕಣ್ಣಿಡುವ ಕೈ ಸಿನಿಮಾ ಹಾಡಿಗೆ ಹಲಗೆ ಕೆತ್ತಿತು ಎಂದು ಗೊತ್ತಾಗಿದ್ದರೆ ಆಗಿನ್ನೂ ಬದುಕಿದ್ದ ಅವನ ಅಪ್ಪ ಉಳಿಯಿಂದಲೇ ಮಾತಾಡಿಸುತ್ತಿದ್ದರು. ಅಪ್ಪ ತೀರಿಹೋದ ಮೇಲೂ ಜರ್ಮನಿಯವ ಉಳಿದುಕೊಂಡ. ಬೆಳಿಗ್ಗೆ ಓಣಿಯಲ್ಲಿ ನಿಂತು ನಾನು "ಎಂತದಾ ಜರ್ಮನಿ, ಚಾ ಆಯ್ತಾ?" ಎಂದು ಕೂಗುವುದು, "ಜರ್ಮನಿಯವ ಸ್ನಾನಕ್ಕೆ ಹೋಗ್ಯಾನೆ, ಆಮೇಲೆ ಬಾ" ಎಂದು ಅವನೇ ಒಳಗಿಂದ ಹೇಳುವುದು. ಹೀಗೆ ಎಷ್ಟೋ ವರ್ಷ ನಡೆಯಿತು.

ತೊಂಬತ್ತರ ದಶಕದ ಶುರುವಿನಲ್ಲಿ ಆರ್ಕೆಸ್ಟ್ರಾ ಜೋರಾಗಿತ್ತು. ಆಗಲೇ ಯಲ್ಲಾಪುರದ ಒಂದು ಮದುವೆಗೆ ಗೋವಾದಿಂದ ಒಬ್ಬರು ಬಂದಿದ್ದರು. ಹಳೆಯ ಗಿಟಾರುಗಳನ್ನು ಹುಡುಕಿ ಕೂಡಿಡುವ ಹವ್ಯಾಸದವರು. ನಮ್ಮ ಗಿಟಾರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು, "ಇಂಥ ತಲೆ ನಾನು ಎಲ್ಲೂ ನೋಡಿಲ್ಲ. ಯಾರ ಕೆಲಸ ಇದು?" ಎಂದರು. ನಾನು ಜರ್ಮನಿಯವನ ಚರಿತ್ರೆ ಬಿಚ್ಚಿದೆ. ಹುಟ್ಟಿದ ಊರು, ಪಿಯಾನೋ ರಿಪೇರಿಯ ಅಂಗಡಿ, ಯುದ್ಧ, ಹೋದ ಕಣ್ಣು. ಗುಡಿಗಾರ ಅವತ್ತು ಮಂಟಪ ಕಟ್ಟಲು ಬಂದವ ಪಕ್ಕದಲ್ಲೇ ಕೂತು ಎಲೆ ಅಡಿಕೆಯ ಕವಳ ಜಗಿಯುತ್ತಿದ್ದ. ಎಲ್ಲ ಕೇಳಿ, ಎದ್ದು ಹೋಗಿ ಉಗಿದು ಬಂದು ಹೇಳಿದ:

"ಪಾಪ, ಒಳ್ಳೇ ಮನುಷ್ಯ. ಕವಳ ಒಂದು ಜಾಸ್ತಿ ಆಯ್ತು."

ಗೋವಾದವರು ಬೆರಗಾದರು. "ಜರ್ಮನಿಯಲ್ಲಿ ಕವಳವಾ?"

"ಶಿರಸಿ ಅಡಿಕೆನೇ. ಹಡಗಲ್ಲಿ ಹೋಗ್ತಿತ್ತು" ಎಂದ ಗುಡಿಗಾರ, ದುಃಖದ ಮುಖ ಮಾಡಿ.

ಅವರು ಅದನ್ನು ನಂಬಿದರೋ ಇಲ್ಲವೋ ತಿಳಿಯದು. ಕೊಂಡುಕೊಳ್ಳುತ್ತೇನೆ ಎಂದರು, ಯಲ್ಲಾಪುರದವ ಕೊಡಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೆ ನಕ್ಕೆವು. ನಗುವುದು ಎಂದರೆ ಗುಡಿಗಾರನದ್ದು ಹೊಟ್ಟೆ ಕುಣಿಯುವುದಷ್ಟೇ, ಮುಖ ಹಾಗೆಯೇ.

ಆಮೇಲೆ ಕೀಬೋರ್ಡು ಬಂತು. ಒಂದು ಪೆಟ್ಟಿಗೆಯಲ್ಲಿ ತಬಲಾ, ಕೊಳಲು, ಗಿಟಾರು ಎಲ್ಲ. ಬಾರಿಸುವವ ಒಬ್ಬ, ಊಟದ ಎಲೆಯೂ ಒಂದೇ. ಆರ್ಕೆಸ್ಟ್ರಾ ಮುಚ್ಚಿತು. ಯಲ್ಲಾಪುರದವ ಸಾಮಾನು ಸಾಗಿಸುವ ರಿಕ್ಷಾ ತೆಗೆದುಕೊಂಡ. ಗಿಟಾರು ಭಾನುವಾರ ಇಗರ್ಜಿಯಲ್ಲಿ, ಕ್ರಿಸ್ಮಸ್ಸಿಗೆ ಅವರ ಓಣಿಯಲ್ಲಿ ಮಾತ್ರ. ಇದರಿಂದ ಗುಡಿಗಾರನಿಗೇನೂ ಆಗಲಿಲ್ಲ. ಅವನಿಗೆ ಆದದ್ದು ಬೇರೆ.

ಅವನ ಬಲಗೈ ನಡುಗತೊಡಗಿತು. ಮೊದಲು ಚಾದ ಲೋಟ ಹಿಡಿದಾಗ, ಆಮೇಲೆ ಸುಮ್ಮನೆ ಕೂತಾಗಲೂ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಕಡಿಮೆಯಾಗಬಹುದು, ನಿಲ್ಲುವುದಿಲ್ಲ ಎಂದೂ ಹೇಳಿದರು. ಅವನು ಯಾರಿಗೂ ಹೇಳದೆ ಆ ವರ್ಷದ ಗಣಪತಿಗಳನ್ನು ಮಾಡಿದ. ವಾನಳ್ಳಿ ಕಡೆಯ ಒಂದು ಮನೆಯವರು ಅಜ್ಜನ ಕಾಲದಿಂದ ಇವರ ಮನೆಯ ಗಣಪತಿಯನ್ನೇ ಒಯ್ಯುವವರು. ಆ ಗಣಪತಿಗೆ ಕಣ್ಣಿಡುವಾಗ ಕೈ ಹಾರಿತು. ಒಂದು ಗುಡ್ಡೆ ಕಿವಿಯ ಕಡೆಗೆ ಸರಿದುಹೋಯಿತು.

ಚೌತಿಯ ಬೆಳಿಗ್ಗೆ ಅವರು ಹರಿವಾಣ, ಹೊಸ ಪಂಚೆ ಹಿಡಿದು ಬಂದರು. ಗಣಪತಿಯ ಮುಖ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೂ ಹೇಳಲಿಲ್ಲ. ವೀಳ್ಯ ಕೊಟ್ಟು, ಕೈ ಮುಗಿದು, ಗಣಪತಿಯ ಕಣ್ಣಿನ ಮೇಲೆ ಬರುವ ಹಾಗೆ ಒಂದು ದಾಸವಾಳ ಸಿಕ್ಕಿಸಿ ಒಯ್ದರು. ಒಂದು ಮಾತು ಬೈದಿದ್ದರೆ ಗುಡಿಗಾರ ತಿರುಗಿ ಬೈದು ಹಗುರಾಗುತ್ತಿದ್ದ. ಅವರು ದೊಡ್ಡವರು, ಮರ್ಯಾದೆ ಉಳಿಸಿದರು. ಆ ಮರ್ಯಾದೆಯೇ ಅವನನ್ನು ತಿಂದುಹಾಕಿತು.

ಅವತ್ತಿನಿಂದ ಅವನು ಉಳಿ ಮುಟ್ಟಲಿಲ್ಲ. ಕುಂಚ ಮುಟ್ಟಲಿಲ್ಲ. ಬೇಸಿಗೆಯಲ್ಲೂ ಶಾಲು ಹೊದ್ದು, ಎರಡೂ ಕೈ ಒಳಗೆ ಹುದುಗಿಸಿ ಜಗಲಿಯಲ್ಲಿ ಕೂರುವುದು. ಕೆಲಸವನ್ನೆಲ್ಲ ಮಗ ನೋಡಿಕೊಂಡ. ಒಂದು ಬೆಳಿಗ್ಗೆ ನಾನು ಎಂದಿನ ಹಾಗೆ "ಎಂತದಾ ಜರ್ಮನಿ" ಎಂದು ಕೂಗಿದೆ.

"ಜರ್ಮನಿಯವ ಸತ್ತ" ಎಂದ. ಅಷ್ಟೇ. ಅದರ ಮೇಲೆ ಏನಾದರೂ ಇಡುತ್ತಾನೆಂದು ಕಾದೆ. ಇಡಲಿಲ್ಲ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುವುದು. ಅವರು ಒಂದು ದಿನ ಅಂಗಡಿಗೇ ಬಂದರು. "ಊಟಕ್ಕೆ ಕೂತ್ರೂ ಕೈ ಹೊರಗೆ ತೆಗೀಲಿಕ್ಕೆ ನಾಚಿಕೆ. ಎಲ್ಲರೂ ಎದ್ದುಹೋದ ಮೇಲೆ ಉಣ್ತಾರೆ. ಇಷ್ಟು ವರ್ಷ ನಿಮ್ಮ ಮಂಗಾಟ ಸಾಕು ಅಂತ ಬೈದೆ. ಈಗ ನೀವೇ ಎಂತಾದ್ರೂ ಮಂಗಾಟ ಮಾಡಿ" ಎಂದರು. ನನ್ನ ಜೀವಮಾನದಲ್ಲಿ ಮಂಗಾಟಕ್ಕೆ ಪರವಾನಗಿ ಸಿಕ್ಕಿದ್ದು ಅದೊಂದೇ ಸಲ.

ಮಾಡಿದೆ. ದೊಡ್ಡ ಸಾಹೇಬರೊಬ್ಬರಿಗೆ ಸಿಂಹದ ಕಾಲಿನ ಕುರ್ಚಿ ಬೇಕಂತೆ ಎಂದು ಸುಳ್ಳು ಹೇಳಿದೆ. "ಮಗನಿಗೆ ಹೇಳು" ಎಂದ. ಅವನ ಗೊರಕೆಯನ್ನು ಜಗಲಿಯ ಕೆಳಗಿಟ್ಟ ಮೈಕಿನಿಂದ ಓಣಿಗೆಲ್ಲ ಕೇಳಿಸಿದೆ. ಹಿಂದಾಗಿದ್ದರೆ ಉಳಿ ಹೊಡೆಯುವ ಕೊಡತಿ ಹಾರಿ ಬರುತ್ತಿತ್ತು. ಈಗ ಎದ್ದು ಒಳಗೆ ಹೋಗಿ ಮಲಗಿದ. ಬೇಜಾರಾಯಿತು. ಕೀಟಲೆ ಮಾಡುವವನಿಗೆ ಬೈಗುಳ ಸಿಗದಿದ್ದರೆ ಅಂಗಡಿ ತೆಗೆದು ಗಿರಾಕಿ ಬಾರದ ಹಾಗೆ.

ಆಗ ನಡೆದದ್ದು ಹಲಸಿನ ಹಣ್ಣಿನ ಪ್ರಸಂಗ. ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗಿಟಾರಿನಲ್ಲಿ ಕರಕರ ಸದ್ದು ಬರುತ್ತದೆಂದು ಯಲ್ಲಾಪುರದವ ಅದನ್ನು ಗೋಣಿಯಲ್ಲಿ ಸುತ್ತಿ, ನನ್ನ ಹತ್ತಿರ ರಿಪೇರಿಗೆ ತರುತ್ತಿದ್ದ. ಬಸ್ಸಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡಿದ್ದ. ಒಂದು ತಿರುವಿನಲ್ಲಿ ಮೇಲಿನ ಅಟ್ಟಣಿಗೆಯಿಂದ ಯಾರದೋ ಹಲಸಿನ ಹಣ್ಣು ಉರುಳಿ ನೇರ ಗಿಟಾರಿನ ಕುತ್ತಿಗೆಯ ಮೇಲೆ ಬಿತ್ತು. ಹಲಸಿನ ಮೈಯ ಗಿಟಾರಿಗೆ ಹಲಸೇ ವೈರಿಯಾಯಿತು. ತಲೆ ಮುರಿದು ತಂತಿಗಳಲ್ಲಿ ಜೋತಾಡುತ್ತಿತ್ತು. ಒಂದು ಕಣ್ಣು ಕಿತ್ತುಬಂದಿತ್ತು. ಅದನ್ನು ಬಸ್ಸಿನ ಸೀಟಿನ ಕೆಳಗೆ ಹುಡುಕಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ.

"ಅಯ್ಯೋ ಸಾಯ್ಬಾ, ಹೋಯ್ತು ಅಣ್ಣಾ" ಎಂದು ತನ್ನ ದೇವರನ್ನೂ ನನ್ನನ್ನೂ ಕರೆದು ಅಂಗಡಿಯ ಮೆಟ್ಟಿಲಲ್ಲಿ ಕೂತುಬಿಟ್ಟ. ನನಗೆ ಅವನ ಮೇಲೆ ಕನಿಕರವಿತ್ತು, ದೇವರಾಣೆ ಇತ್ತು. ಆದರೆ ಮುಖದಲ್ಲಿ ಬೇರೆಯೇ ಕಂಡಿರಬೇಕು. "ನೀವೆಂತ ನಗ್ತೀರಿ?" ಎಂದ.

ಮನೆಯಲ್ಲಿ ಸುದ್ದಿ ಹೇಳಿದಾಗ ಹೆಂಡತಿಗೆ ಇದು ನನ್ನದೇ ಕೈವಾಡವೆಂಬ ಅನುಮಾನ. "ನಿಂಗವೇ ಎಂತಾರೂ ಮಾಡಿದ್ರನ?"

"ಹಲಸಿನ ಹಣ್ಣಿಗೆ ಆನು ಹೇಳಿಕೊಟ್ಟಿದ್ನಿಲ್ಲೆ ಮಾರಾಯ್ತಿ" ಎಂದೆ. ಅವಳು ಇಂದಿಗೂ ಪೂರ್ತಿ ನಂಬಿಲ್ಲ. ನಿಜ ಹೇಳುತ್ತೇನೆ, ಗುಡಿಗಾರನ ಕೈ ಹೊರತೆಗೆಸಲು ಅಷ್ಟು ಒಳ್ಳೆಯ ಉಪಾಯ ನನಗೆ ಹೊಳೆದಿರಲಿಲ್ಲ.

ಮರುದಿನ ನಾವಿಬ್ಬರೂ ಮುರಿದ ಗಿಟಾರನ್ನು ಹಿಂದಿನ ಓಣಿಗೆ ಒಯ್ದು ಗುಡಿಗಾರನ ಎದುರು ಚಾಪೆಯ ಮೇಲೆ ಮಲಗಿಸಿದೆವು. ಅವನು ಬಹಳ ಹೊತ್ತು ನೋಡಿದ. ಶಾಲಿನೊಳಗೆ ಕೈ ಅಲುಗುವುದು ಕಂಡಿತು. ಹೊರಗೆ ಬರಲಿಲ್ಲ.

"ಗುಡಿಗಾರ್ರೇ, ನಿಮ್ಮ ಕೈಯಿಂದಲೇ ಆಗ್ಬೇಕು" ಎಂದ ಯಲ್ಲಾಪುರದವ.

"ಮಗನ ಹತ್ರ ಕೊಡು."

"ಅವರು ಪ್ಲೈವುಡ್ ಪಟ್ಟಿ ಹೊಡೆದು ಮೊಳೆ ಹಾಕ್ತೆ ಅಂದ್ರು."

ಗುಡಿಗಾರನ ಹುಬ್ಬು ಒಂದು ಕ್ಷಣ ಏರಿತು. ಮತ್ತೆ ಇಳಿಯಿತು. "ಕಣ್ಣಿಟ್ಟಾಯ್ತು, ವೀಳ್ಯ ತಗಂಡಾಯ್ತು. ಇನ್ನು ಅದಕ್ಕೆ ನಾನು ಉಳಿ ತಾಗ್ಸೂದಿಲ್ಲ. ನಮ್ಮನೇಲಿ ಇಲ್ಲ ಅದು. ನಿಂಗೆ ಗೊತ್ತಿದ್ದೂ ಎಂತಕ್ಕೆ ಕರ್ಕಂಡು ಬಂದ್ಯಾ?" ಈ ಕೊನೆಯದು ನನಗೆ.

ಪದ್ಧತಿ ನಿಜ. ಆದರೆ ಅದರ ಹಿಂದೆ ಅವನು ಅಡಗಿ ಕೂತದ್ದೂ ನಿಜ. ಶಾಲಿನ ಮೇಲೆ ಇನ್ನೊಂದು ಶಾಲು. ಅದನ್ನು ಎಳೆದರೆ ಇನ್ನೂ ಗಟ್ಟಿ ಹಿಡಿಯುತ್ತಾನೆ. ಆದ್ದರಿಂದ ನಾನು ಪದ್ಧತಿಯನ್ನೇ ಹಿಡಿದೆ.

"ದೇವಸ್ಥಾನದ ಮರದ ಮೂರ್ತಿಗೆ ಬಿರುಕು ಬಿಟ್ರೆ ಎಂತ ಮಾಡ್ತ್ರಾ ನೀವು?"

"ಭಟ್ರು ಕಳೆ ಇಳಿಸ್ತಾರೆ. ಮೂರ್ತಿಲಿದ್ದ ಶಕ್ತಿ ಎಲ್ಲ ಕಲಶದ ನೀರಿಗೆ ಬಂತು ಅಂದ್ರೆ ಅದು ಬರೀ ಮರ. ಆಮೇಲೆ ನಾವು ಉಳಿ ಹಾಕ್ಲಕ್ಕು. ಕೆಲಸ ಮುಗಿದ ಮೇಲೆ ಮತ್ತೆ ಕಣ್ಣಿಟ್ಟು ಕಳೆ ತುಂಬೂದು. ಗಿಟಾರಿಗೆ ಯಾವ ಭಟ್ಟ ಕಳೆ ಇಳಿಸ್ತಾನಾ?"

"ನಾನು" ಎಂದೆ.

ಅಂಗಡಿಗೆ ಹೋಗಿ ಆಂಪ್ಲಿಫಯರನ್ನೂ ಒಂದು ಡಬ್ಬಿ ಸ್ಪೀಕರನ್ನೂ ಹೊತ್ತು ತಂದೆ. ಗಿಟಾರಿನ ವಯರು ಸಿಕ್ಕಿಸಿ ಅದರ ಹೊಟ್ಟೆಗೆ ಬೆರಳಿಂದ ಹೊಡೆದೆ. ಧಂ ಎಂದು ಓಣಿಯೆಲ್ಲ ಅದುರಿತು. ಎದುರು ಮನೆಯ ನಾಯಿ ಎದ್ದು ನಿಂತಿತು. "ಕೇಳ್ತಾ? ತಲೆ ಮುರಿದ್ರೂ ಜೀವ ಅದೆ." ವಯರು ಎಳೆದು ಮತ್ತೆ ಹೊಡೆದೆ. ಟಕ್ ಎಂದಿತು, ಅಡಿಕೆ ಮಣೆ ಬಡಿದ ಹಾಗೆ. "ಈಗ ಕೇಳ್ತಾ? ಕಳೆ ಎಲ್ಲ ಈ ಪೆಟ್ಟಿಗೆಗೆ ಬಂತು. ನೋಡು, ಕೆಂಪು ದೀಪ ಉರೀತದೆ. ನಿನ್ನೆದುರು ಬಿದ್ದಿದ್ದು ಬರೀ ಹಲಸಿನ ಹಲಗೆ."

ಯಲ್ಲಾಪುರದವ ಬಾಯಿ ಮುಚ್ಚಿಕೊಂಡ. ಬಾಗಿಲಲ್ಲಿ ನಿಂತ ಅತ್ತಿಗೆ ಸೆರಗು ಕಚ್ಚಿಕೊಂಡರು. ಗುಡಿಗಾರ ನನ್ನನ್ನು ನೋಡಿದ, ಪೆಟ್ಟಿಗೆಯ ದೀಪ ನೋಡಿದ, ಗಿಟಾರು ನೋಡಿದ. ಮುಖ ಅಲುಗಲಿಲ್ಲ. ಹೊಟ್ಟೆಯ ಹತ್ತಿರ ಶಾಲು ಮಾತ್ರ ಸ್ವಲ್ಪ ಕುಣಿಯಿತು.

"ಹಂಗಾದ್ರೆ ಆ ದೀಪ ಆರಬಾರದು" ಎಂದ.

"ಆಂ?"

"ಕಲಶದ ಹತ್ರ ದೀಪ ಆರಿದ್ರೆ ಕಳೆ ಹೋಯ್ತು ಅಂತ ಲೆಕ್ಕ. ನನ್ನ ಕೆಲಸ ಮುಗಿಯೂವರೆಗೂ ಪೆಟ್ಟಿಗೆ ಇಲ್ಲೇ ಇರ್ಬೇಕು, ದೀಪ ಉರೀತಿರ್ಬೇಕು."

"ಕರೆಂಟು ಹೋದ್ರೆ?"

"ಬ್ಯಾಟರಿ ತಂದಿಡು. ಕಳೆ ಇಳಿಸಿದ ಭಟ್ಟ ನೀನು. ಕಾಯ್ಲಿಕ್ಕೆ ನಾನಾ?"

ನಮ್ಮೂರಿನ ಕರೆಂಟಿನ ನಂಬಿಕೆ ನಿಮಗೆ ಗೊತ್ತಿರಬಹುದು, ಗಾಳಿ ಸೀನಿದರೂ ಹೋಗುವಂಥದ್ದು. ನನ್ನಲ್ಲಿದ್ದ ಒಂದೇ ಒಳ್ಳೆಯ ಬ್ಯಾಟರಿ ಅವನ ಜಗಲಿ ಸೇರಿತು. ಬನವಾಸಿಯ ಒಂದು ಮದುವೆಗೆ ಒಪ್ಪಿಕೊಂಡ ಮೈಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಕರೆಂಟು 'ಬುಳುಕ್' ಎಂದಾಗಲೆಲ್ಲ ನಾನು ಬ್ಯಾಟರಿಗೆ ವಯರು ಬದಲಿಸಲು ಉಣ್ಣುವ ಕೈಯಲ್ಲಿ ಓಡಿಬರುವುದು, ಗುಡಿಗಾರ ತಲೆ ಎತ್ತದೆ "ಭಟ್ರು ಬಂದ್ರು" ಎನ್ನುವುದು. ಕೀಟಲೆಯಲ್ಲಿ ನಾನು ಸೋತದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ. ಇದು ಸೋಲಲ್ಲ ಎಂದೇ ತಿಳಿದು ಓದಿ.

ಕೈ ಮೊದಲು ಹೊರಬಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅವನು ಉಳಿ ಹಿಡಿಯಲಿಲ್ಲ, ಅರ ಹಿಡಿದ. ನಡುಗುವ ಕೈಗೆ ಉಳಿ ವೈರಿ, ಅರಕ್ಕೆ ಹೇಗೂ ಆಚೆ ಈಚೆ ಹೋಗುವುದೇ ಕೆಲಸ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಮೈಯನ್ನೇ ಸ್ವಲ್ಪ ಸ್ವಲ್ಪ ತೂಗಿ ಮುರಿದ ಅಂಚುಗಳನ್ನು ತಿಕ್ಕಿದ. ಬೀಟೆಯ ಎರಡು ಗೂಟ ಕೂರಿಸಿ, ಅಂಟು ಹಚ್ಚಿ, ಹಗ್ಗದಿಂದ ಬಿಗಿದು ಕಟ್ಟಿದ. ಗೂಟ ಹಿಡಿಯುವುದು ಅತ್ತಿಗೆ. ನಡುನಡುವೆ ಕೈ ತೀರ ಅಲುಗಿದಾಗ ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು, ಯಾರೂ ಏನೂ ಕೇಳದೆ ಕಾಯುವುದು. ಮಾಡಲಾಗದೆ ಎದ್ದುಹೋದ ದಿನಗಳೂ ಇದ್ದವು. ಆ ದಿನಗಳಲ್ಲಿ ನಾನು ದೀಪವನ್ನಷ್ಟೇ ಕಾಯ್ದೆ.

ತಲೆ ಕೂಡಿತು. ಬೆರಳಾಡಿಸಿದರೆ ಮಾತ್ರ ಗೊತ್ತಾಗುವಂಥ ಒಂದು ಗೆರೆ. ಉಳಿದದ್ದು ಕಣ್ಣು.

ಯಲ್ಲಾಪುರದವ ಕರವಸ್ತ್ರ ಬಿಚ್ಚಿ ಚಿಪ್ಪು ಕೊಟ್ಟ. ಅದು ಹಳೆಯ ಗುಳಿಯಲ್ಲಿ ಸರಿಯಾಗಿ ಕೂತಿತು. ಕಪ್ಪು ಗುಡ್ಡೆ ಎರಡಕ್ಕೂ ಹೊಸದಾಗಿ ಬರೆಯಬೇಕು. ಇದಕ್ಕೆ ಅರ ಇಲ್ಲ, ಮೈ ತೂಗುವುದಿಲ್ಲ, ಒಂದು ಸಣ್ಣ ಕುಂಚ ಮತ್ತು ಕೈ. ಗುಡಿಗಾರ ಸ್ನಾನ ಮಾಡಿ ಬಂದು ಗಿಟಾರನ್ನು ಪೂರ್ವಕ್ಕೆ ಮುಖ ಮಾಡಿ ಒರಗಿಸಿದ. ಶಾಲು ಒಳಗೆ ಬಿಟ್ಟು ಬಂದಿದ್ದ. ಯಲ್ಲಾಪುರದವನನ್ನು ಬದಿಗೆ ನಿಲ್ಲಿಸಿ, ನನ್ನ ಕೈಗೆ ಕನ್ನಡಿ ಕೊಟ್ಟು ಎದುರಿಗೆ ಕೂರಿಸಿದ.

"ಕನ್ನಡಿ ಹಿಂದೇ ಇರ್ಬೇಕು. ಮಂಡೆ ಹೊರಗೆ ಹಾಕೂದಲ್ಲ" ಎಂದ.

ಕನ್ನಡಿಯ ಹಿಂದೆ ಕೂತವನಿಗೆ ಏನೂ ಕಾಣುವುದಿಲ್ಲ. ಕುಂಚ ಬಣ್ಣದ ಕರಟಕ್ಕೆ ತಾಗುವ ಸದ್ದು, ಅವನ ಉಸಿರು. ಉಸಿರು ನಿಲ್ಲುತ್ತದೆ, ಮತ್ತೆ ಬಿಡುತ್ತಾನೆ. ಕುಂಚ ಹತ್ತಿರ ಹೋಯಿತು, ವಾಪಸು ಬಂತು ಎಂದು ನಾನು ಆ ಉಸಿರಿನಿಂದಲೇ ತಿಳಿಯುತ್ತಿದ್ದೆ. ಒಂದು ಕಣ್ಣಾಯಿತು ಎಂದು ಅತ್ತಿಗೆ ಮೆಲ್ಲಗೆ ಹೇಳಿದರು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ನನಗೆ ತಡೆಯಲಾಗಲಿಲ್ಲ. ಕನ್ನಡಿಯ ಮೇಲಿಂದ ತಲೆ ಎತ್ತಿ ಇಣುಕಿದೆ. ಕುಂಚ ತಾಗಿದ್ದೂ ಆಗಲೇ.

ಎಲ್ಲರೂ ನೋಡಿದೆವು. ಮೊದಲನೇ ಕಣ್ಣು ನೆಟ್ಟಗಿತ್ತು. ಎರಡನೆಯ ಗುಡ್ಡೆ ಮೇಲಕ್ಕೆ, ಬದಿಗೆ ಸರಿದಿತ್ತು.

ಯಲ್ಲಾಪುರದವ ನೆಲ ನೋಡಿದ. ಅತ್ತಿಗೆ ಕರವಸ್ತ್ರ ಮಡಚತೊಡಗಿದರು. ಜಗಲಿಯಲ್ಲಿ ವಾನಳ್ಳಿಯವರು ಬಂದು ನಿಂತ ಹಾಗಾಯಿತು. ಗುಡಿಗಾರ ಕುಂಚ ಕೆಳಗಿಟ್ಟ. ಅವನ ಕೈ ಹೆಗಲ ಮೇಲೆ ಶಾಲು ಹುಡುಕಿತು. ಅಲ್ಲಿ ಶಾಲು ಇರಲಿಲ್ಲ. ಈಗ ಯಾರೂ ಮಾತಾಡದಿದ್ದರೆ ಇವನು ಒಳಗೆ ಹೋಗುತ್ತಾನೆ, ಮತ್ತೆ ಹೊರಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ದೊಡ್ಡ ದನಿ ನನ್ನ ಹೊಟ್ಟೆಪಾಡು.

"ಥೋ! ಒಂದು ಕಣ್ಣು ಓರೆ ಆಯ್ತಲ್ಲಾ ಮಾರಾಯಾ! ಇದಕ್ಕೆ ಹೆಣ್ಣು ಯಾರು ಕೊಡ್ತಾರೆ?"

ಗುಡಿಗಾರ ತಿರುಗಿದ. ಅಷ್ಟು ತಿಂಗಳಿಂದ ಕಾಣದ ಸಿಟ್ಟು ಮುಖಕ್ಕೆ ಬಂತು. ಎಂಥ ಚಂದ ಕಂಡಿತು ಅಂತೀರಿ!

"ಓರೆ ಅಲ್ಲ ಅದು. ನಿನ್ನ ನೋಡ್ತದೆ. ಕನ್ನಡಿ ಮೇಲಿಂದ ಮಂಡೆ ಹಾಕ್ದವ ಯಾರು? ಬ್ಯಾಡ ಅಂದಿದ್ನಿಲ್ಲನಾ ನಾನು? ಕಣ್ಣು ಬಿಟ್ಟದ್ದೇ ನಿನ್ನ ಮುಖ ನೋಡ್ತು. ಹೋಯ್ತು, ಇನ್ನು ಇದು ಬಾರಿಸಿದ್ದೆಲ್ಲ ಸುಳ್ಳೇ!"

"ಅಳಿಸಿ ಬರಿ ಹಂಗಾದ್ರೆ."

"ಇಟ್ಟ ಕಣ್ಣು ಅಳಿಸ್ತಾರನಾ, ಪೆದ್ದ! ಇರಲಿ ಬಿಡು. ಒಂದು ಕಣ್ಣು ಬಾರಿಸೋವ್ನ ಮೇಲೆ, ಒಂದು ಕಣ್ಣು ನಿನ್ನ ಮೇಲೆ. ಕಳ್ಳನ ಮೇಲೆ ಒಂದು ಕಣ್ಣು ಇರೂದು ಒಳ್ಳೇದೇ."

ಅತ್ತಿಗೆ ನಗುತ್ತ ಒಳಗೆ ಓಡಿದರು, ಚಾ ಮಾಡುತ್ತೇನೆ ಎಂದು. ಅಡಿಗೆಮನೆಯಲ್ಲಿ ಮೂಗು ಒರೆಸಿಕೊಂಡದ್ದೂ ಕೇಳಿಸಿತು. ಯಲ್ಲಾಪುರದವ ತಂತಿ ಬಿಗಿದ. ನಾನು ವಯರು ಸಿಕ್ಕಿಸಿ ಪೆಟ್ಟಿಗೆಯಲ್ಲಿದ್ದ ಕಳೆಯನ್ನು ಸಕಲ ಮರ್ಯಾದೆಯಿಂದ ಹಲಸಿನ ಮರಕ್ಕೆ ಒಪ್ಪಿಸಿದೆ. ಅವನು ಮೊದಲು ಇಗರ್ಜಿಯ ಒಂದು ಹಾಡು ಬಾರಿಸಿದ, ಮೆಲ್ಲಗೆ. ಮೇಲಿನ ಮೆಟ್ಟುಗಳು ಹಳೆಯ ಹುಳಿ ಬಿಟ್ಟಿರಲಿಲ್ಲ. ಓಣಿಯ ಬಾಗಿಲುಗಳಲ್ಲಿ ತಲೆಗಳು ಕಂಡವು.

ಹಾಡು ಮುಗಿದ ಮೇಲೆ ಅವನು ವೀಳ್ಯ ಕೊಟ್ಟ. ಗುಡಿಗಾರ ಎರಡೂ ಕೈ ಚಾಚಿ, ಎಲ್ಲರೆದುರು, ತೆಗೆದುಕೊಂಡ. ಅಡಿಕೆ ನಡುಗುವ ಎಲೆಯ ಮೇಲಿಂದ ಜಾರಿ ಚಾಪೆಯ ಮೇಲೆ ಉರುಳಿತು. ಯಾರೂ ಬಗ್ಗಲಿಲ್ಲ, ಅವನೇ ಹೆಕ್ಕಿಕೊಂಡ. ಚಾ ಬಂತು. ಅವನ ಲೋಟದ್ದು ಅರ್ಧ ಕೆಳಗಿನ ಬಸಿಗೆ ಚೆಲ್ಲಿತು. ಬಸಿಯನ್ನೇ ಎತ್ತಿ ಸೊರ್ ಎಂದು ಕುಡಿದ.

ಆಮೇಲೆ ಗಿಟಾರಿನ ತಲೆಯನ್ನು ನೋಡುತ್ತ ನನ್ನನ್ನು ಕೇಳಿದ. "ಜರ್ಮನಿಯವ ಸತ್ತ ಅಂತ ನಿಂಗೆ ಹೇಳಿದ್ನಲ್ಲನಾ?"

"ಹೌದು. ನಾನು ಸೂತಕವನ್ನೂ ಹಿಡಿದಿದ್ದೆ."

"ಸುಳ್ಳು ಸುದ್ದಿಯಂತೆ ಮಾರಾಯಾ. ಕೈ ನಡುಗ್ತದಂತೆ, ಅಷ್ಟೇ."